ಕತ್ತರಿಗೆ ಸಿಗದ ಫೋಟೋ

ಜೋಡಿಸಿದ ಫೋಟೋ ನೋಡಿದವರು "ಭಾರಿ ಚಲೋ ಜೋಡಿಸೀರಿ" ಎಂದು ಹೊಗಳಿದರೆ ಆ ಕೆಲಸ ಕೆಟ್ಟಿದೆ ಎಂದೇ ತಿಳಿಯಬೇಕು. ಚೆನ್ನಾಗಿ ಆದ ಜೋಡಣೆಯನ್ನು ಯಾರೂ ಹೊಗಳುವುದಿಲ್ಲ. "ಇದನ್ನ ಯಾವಾಗ ತೆಗಿಸಿದ್ರಿ? ಆವತ್ತು ನಾನು ಎಲ್ಲಿದ್ದೆ?" ಎಂದು ಕೇಳುತ್ತಾರೆ. ಮಕ್ತಲ್, ನಾರಾಯಣಪೇಟ, ಗದ್ವಾಲ ಎಂಬ ಈ ಮೂರು ಗಡಿ ಊರುಗಳಲ್ಲಿ ಈ ಒಂದು ಪ್ರಶ್ನೆ ಕೇಳಿಸಿಕೊಳ್ಳುವ ಆಸೆಯಿಂದಲೇ ನಾನು ಕೆಲಸ ಮಾಡಿದೆ. ಒಂದೇ ಕಡೆ ಎಂದೂ ನಿಲ್ಲದ ಮಂದಿಯನ್ನು ಒಂದೇ ಚೌಕಟ್ಟಿನಲ್ಲಿ ನಿಲ್ಲಿಸುವುದು ನನ್ನ ಕಸುಬಾಗಿತ್ತು.

ಈಗ ಗದ್ವಾಲದ ನಮ್ಮ ಸ್ಟುಡಿಯೋವನ್ನು ನನ್ನ ತಂಗಿಯ ಮಗಳು ಭಾರತಿ ನಡೆಸುತ್ತಾಳೆ. ನಾನು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತೇನೆ, ಯಾರೂ ಕೇಳದಿದ್ದರೂ ಸಲಹೆ ಕೊಡುತ್ತೇನೆ. "ಮಾಮಾ, ಬಾಯಿಲೆ ಹೇಳೋದು ಸಾಕು, ಬರೆದು ಕೊಡು. ಕೆಲಸ ಕಲಿಯಾಕ ಬರೋ ಹೊಸಬರು ಓದ್ತಾರ" ಎಂದು ಅವಳೇ ಹಾಳೆ, ಪೆನ್ನು ತಂದುಕೊಟ್ಟಳು. ನನ್ನ ಬಾಯಿ ಮುಚ್ಚಿಸಲು ಅವಳು ಹುಡುಕಿದ ಉಪಾಯ ಅದು ಎಂದು ಗೊತ್ತಿದ್ದೂ ಬರೆಯಲು ಕೂತಿದ್ದೇನೆ.

ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬುದನ್ನು ನಾನು ಬರೆಯುವುದಿಲ್ಲ. ಗುಂಡಿಗಳು ವರ್ಷಕ್ಕೊಮ್ಮೆ ಜಾಗ ಬದಲಿಸುತ್ತವೆ, ಅವನ್ನು ನೀವು ನನಗಿಂತ ಬೇಗ ಕಂಡುಹಿಡಿಯುತ್ತೀರಿ. ನಾನು ಹೇಳಬೇಕೆಂದಿರುವುದು ನರಸಮ್ಮನ ಫೋಟೋದ ಬಗ್ಗೆ.

ನರಸಮ್ಮ ಗದ್ವಾಲದ ನೇಕಾರರ ಮನೆಯ ಹಿರಿಯಳು. ಗಂಡ ಇಲ್ಲ, ಇಬ್ಬರು ಗಂಡುಮಕ್ಕಳು. ಹಿರಿಯವನು ಅಂಜನಪ್ಪ, ಕಿರಿಯವನು ಬಾಲಪ್ಪ. ಅಕ್ಕಪಕ್ಕದ ಮನೆಗಳಲ್ಲೇ ಇದ್ದರೂ ಇಬ್ಬರ ನಡುವೆ ಮಾತು ನಿಂತು ಹೋಗಿತ್ತು. ನಾನು ಕೆಲಸ ಬಿಡುವ ಮುಂಚಿನ ವರ್ಷ ಅವಳು ಸೆರಗಿನ ಗಂಟಿನಿಂದ ಒಂದು ಅರ್ಧ ಫೋಟೋ ತೆಗೆದು ನನ್ನ ಮೇಜಿನ ಮೇಲಿಟ್ಟಳು. ತಾಯಿ, ಇಬ್ಬರು ಮಕ್ಕಳು ಇದ್ದ ಹಳೆಯ ಫೋಟೋ. ಜಗಳದ ಸಿಟ್ಟಿನಲ್ಲಿ ಬಾಲಪ್ಪ ಅದಕ್ಕೆ ಕತ್ತರಿ ಹಾಕಿ ಅಣ್ಣನ ಭಾಗವನ್ನು ಅಣ್ಣನ ಅಂಗಳಕ್ಕೆ ಎಸೆದಿದ್ದ. ಕತ್ತರಿ ಸ್ವಲ್ಪ ತಾಯಿಯ ಮೈಗೂ ಸರಿದಿತ್ತು.

"ನೋಡು ತಮ್ಮಾ," ಎಂದಳು ನರಸಮ್ಮ. "ನಾನು ಈ ಮನಿಯಾಗ ಅದೀನಿ, ನನ್ನ ಮೊಣಕೈ ಆ ಮನಿಯಾಗ ಐತಿ."

ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ಆಮೇಲೆ ನಿಜವಾದ ಮಾತಿಗೆ ಬಂದಳು.

"ನಾನು ಹೋದ ಮ್ಯಾಲ ಹಾರ ಹಾಕಾಕ ಒಂದು ಫೋಟೋ ಬೇಕಲ್ಲ, ಅದನ್ನ ಈಗ ಮಾಡಿಸಿ ಇಡ್ತೀನಿ. ಅದರಾಗ ಇಬ್ಬರೂ ಇರಬೇಕು. ಒಂದ ಕಡೆ ನಿಂದ್ರಲ್ಲ ಅಂತಾರ, ನೀನ ಕೂಡಿಸು. ಆದ್ರ ಕತ್ತರಿ ಹಾಕಾಕ ಬರಬಾರ್ದು. ನಾ ಸತ್ತ ಮರುದಿನ ಅವನೊಂದು ತುಂಡು, ಇವನೊಂದು ತುಂಡು ಮಾಡ್ಕೊಂಡು ಹಾರ ಹಾಕಿದ್ರ ನಾ ಎಲ್ಲಿಗೆ ಹೋಗ್ಲಿ?"

ಜೀವ ಇರುವಾಗಲೇ ಹಾರದ ಫೋಟೋ ಮಾಡಿಸಿಕೊಳ್ಳುವುದು ನಮ್ಮ ಕಡೆ ಹೊಸದಲ್ಲ. ಸತ್ತ ಮೇಲೆ ಮಕ್ಕಳು ಆಧಾರ್ ಕಾರ್ಡಿನ ಮುಖವನ್ನೇ ದೊಡ್ಡದು ಮಾಡಿಸಿಬಿಡುತ್ತಾರೆ ಎಂಬ ಹೆದರಿಕೆ ಎಷ್ಟೋ ಜನರಿಗಿದೆ. ಆದರೆ ಕತ್ತರಿ ಹಾಕಲಾಗದ ಫೋಟೋವನ್ನು ಯಾರೂ ಕೇಳಿರಲಿಲ್ಲ. "ಅದೇನು ದೊಡ್ಡದಲ್ಲ ಬಿಡವ್ವಾ" ಎಂದು ಒಪ್ಪಿಕೊಂಡೆ. ಹಾಗೆ ಒಪ್ಪಿಕೊಳ್ಳುವ ಧೈರ್ಯ ಎಲ್ಲಿಂದ ಬಂತು ಎಂಬುದನ್ನು ಮೊದಲು ಹೇಳಬೇಕು.

ನಾನು ಕೆಲಸ ಕಲಿತದ್ದು ಮಕ್ತಲಿನಲ್ಲಿ, ರಹೀಮ್ ಸಾಹೇಬರ ಬಳಿ. ಊರೆಲ್ಲ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿತ್ತು. ಆಗ ಕಂಪ್ಯೂಟರ್ ಇರಲಿಲ್ಲ. ಉಸ್ತಾದರು ಅರ್ಧ ಬ್ಲೇಡಿನಿಂದ ಫೋಟೋದಲ್ಲಿನ ಮನುಷ್ಯನನ್ನು ಕೂದಲೂ ತಪ್ಪದಂತೆ ಕತ್ತರಿಸುತ್ತಿದ್ದರು. ಕಾಗದದ ಅಂಚು ಮೇಲೆದ್ದು ಕಾಣಬಾರದೆಂದು ಹಿಂಬದಿಯನ್ನು ಉಪ್ಪುಕಾಗದದಿಂದ ತಿಕ್ಕಿ ತೆಳ್ಳಗೆ ಮಾಡಿ, ಇನ್ನೊಂದು ಫೋಟೋದ ಮೇಲೆ ಅಂಟಿಸಿ, ಪೆನ್ಸಿಲಿನಿಂದ ತಿದ್ದಿ, ಅದನ್ನೇ ಮತ್ತೆ ಫೋಟೋ ತೆಗೆಯುತ್ತಿದ್ದರು. ಸೀನು ಬಂದರೆ ಅವರು ಹೊರಗೆ ಓಡಿಹೋಗುತ್ತಿದ್ದರು, ಏಕೆಂದರೆ ಒಮ್ಮೆ ಅವರು ಸೀನಿದಾಗ ಒಬ್ಬ ಮದುಮಗನ ತಲೆ ಹಾರಿಹೋಗಿ ಚಹಾದ ಕಪ್ಪಿನಲ್ಲಿ ಬಿದ್ದಿತ್ತು.

ಉಸ್ತಾದರು ಕಲಿಸಿದ ಮೊದಲ ಪಾಠ ಬ್ಲೇಡಿನದಲ್ಲ. "ಪೈಲೆ ಮೂಗು ನೋಡು ಬೇಟಾ" ಎನ್ನುತ್ತಿದ್ದರು. ಮೂಗಿನ ನೆರಳು ಯಾವ ಕಡೆ ಬಿದ್ದಿದೆಯೋ ಅದರ ಎದುರಿನಿಂದ ಬೆಳಕು ಬಂದಿರುತ್ತದೆ. "ಒಂದು ಫೋಟೋದಾಗ ಎರಡು ಮೂಗಿನ ನೆರಳು ಎರಡು ದಿಕ್ಕಿಗೆ ಬಿದ್ರ ಎರಡು ಸೂರ್ಯ ಬೇಕಾಗ್ತಾವ. ನಮ್ಮ ಮಕ್ತಲ್‌ಗೆ ಒಂದ ಸೂರ್ಯನ ಬಿಸಲ ಸಾಕಾಗೇತಿ." ಈ ಪಾಠ ತಲೆಗೆ ಹತ್ತಿದ ಮೇಲೆ ನಾನು ಬಜಾರಿನಲ್ಲಿ ಕಂಡಕಂಡವರ ಮೂಗನ್ನು ದಿಟ್ಟಿಸತೊಡಗಿದೆ. ಬಳೆ ಅಂಗಡಿಯ ಹುಡುಗಿಯ ಮೂಗನ್ನೂ ದಿಟ್ಟಿಸಿದ್ದರಿಂದ ಅವಳ ಅಣ್ಣ ಸ್ಟುಡಿಯೋಕ್ಕೆ ಬಂದ. ಉಸ್ತಾದರು ಅವನನ್ನು ಕೂರಿಸಿ ಬೆಳಕು, ನೆರಳು ಎಂದು ಸಾವಕಾಶವಾಗಿ ಪಾಠ ಮಾಡಿ ಕಳಿಸಿದರು. ಹೋಗುವಾಗ ಅವನೂ ನನ್ನ ಮೂಗನ್ನು ನೋಡುತ್ತಾ ಹೋದ.

ಆಮೇಲೆ ನಾರಾಯಣಪೇಟಕ್ಕೆ ಬಂದೆ. ಅಲ್ಲಿನ ಸ್ಟುಡಿಯೋಕ್ಕೆ ಕಂಪ್ಯೂಟರ್ ಬಂದಿತ್ತು. ಮಾಲೀಕರಾದ ಸೇಠರಿಗೆ ಗೊತ್ತಿದ್ದ ಒಂದೇ ವಿದ್ಯೆ "ಜಲ್ದಿ" ಎನ್ನುವುದು. ಅಲ್ಲೇ ಹತ್ತಿರದ ಮದ್ದೂರಿನಿಂದ ಒಬ್ಬ ರೈತ ಅಣ್ಣತಮ್ಮಂದಿರೊಡನೆ ಬಂದು, ತೀರಿಹೋದ ತಂದೆತಾಯಿಯ ಬೇರೆಬೇರೆ ಫೋಟೋ ಕೊಟ್ಟು ಒಂದೇ ಕಡೆ ಕೂಡಿಸಲು ಹೇಳಿದ. ನಾನು ಮೂಗು ನೋಡಿದೆ. ತಂದೆಯ ನೆರಳು ಎಡಕ್ಕೆ, ತಾಯಿಯದು ಬಲಕ್ಕೆ. ಕಂಪ್ಯೂಟರಿನಲ್ಲಿ ಮನುಷ್ಯನನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಬಿಡಬಹುದು. ತಾಯಿಯನ್ನು ತಿರುಗಿಸಿದೆ, ನೆರಳು ಕೂಡಿತು. ಉಸ್ತಾದರಿಗೆ ಇಷ್ಟು ಸುಲಭವಾಗಿ ಆಗುತ್ತಿರಲಿಲ್ಲವಲ್ಲ ಎಂದು ಒಳಗೊಳಗೇ ಉಬ್ಬಿದೆ.

ಮರುದಿನ ಜೀಪು ತುಂಬ ಮಂದಿ ಬಂದರು.

"ಈಕಿ ಯಾರ್ರೀ?" ಎಂದ ಹಿರಿಮಗ.

"ನಿಮ್ಮವ್ವ ಅಲ್ಲೇನ್ರಿ," ಎಂದೆ.

"ನಮ್ಮವ್ವ ಎಡ ಹೆಗಲಿಗೆ ಸೆರಗು ಹಾಕ್ತಿದ್ಲು. ನಮ್ಮ ಮಂದಿಯೊಳಗ ಎಲ್ಲಾರೂ ಎಡಕ್ಕ ಹಾಕ್ತಾರ. ಬಲಕ್ಕ ಹಾಕೋ ಮಂದಿ ಬ್ಯಾರೆ. ನಮ್ಮಪ್ಪನ್ನ ಬ್ಯಾರೆ ಮಂದಿಯಾಕಿ ಬಾಜೂಕ ಕುಂದರ್ಸೀರಲ್ಲ, ಇದನ್ನ ಗ್ವಾಡಿಗೆ ಹಾಕಿದ್ರ ನಮ್ಮ ಸೋದರಮಾವ ಬಿಡ್ತಾನೇನು?"

ಜಲ್ದಿ ಎನ್ನುತ್ತಿದ್ದ ಸೇಠರು ಜಲ್ದಿಯಾಗಿ ಒಳಕೋಣೆ ಸೇರಿಕೊಂಡರು. ನಾನು ತಾಯಿಯನ್ನು ಮೊದಲಿನಂತೆ ಮಾಡಿ ತಂದೆಯನ್ನು ತಿರುಗಿಸಿದೆ. ಆಗ ಅಂಗಿಯ ಜೇಬು ಬಲಕ್ಕೆ ಹೋಯಿತು. ಜೇಬನ್ನು ಕಿತ್ತು ಎಡಕ್ಕೆ ತಂದೆ. ಗುಂಡಿಪಟ್ಟಿಯೂ ತಪ್ಪು ಕಡೆ ಹೋಗಿತ್ತು, ಅದನ್ನೂ ಸರಿಮಾಡಿದೆ. ಅವರೆಲ್ಲ ನನ್ನ ಹಿಂದೆ ನಿಂತು ಒಂದೊಂದನ್ನೇ ತೋರಿಸಿ ತಿದ್ದಿಸಿದರು. ಕಾಗದ ತಿರುಗಿಸಿದಷ್ಟು ಸುಲಭವಾಗಿ ಮನುಷ್ಯರನ್ನು ತಿರುಗಿಸಬೇಡಿ. ಸೆರಗು, ಮೂಗುಬೊಟ್ಟು, ಬೈತಲೆ, ಜೇಬು ಇವನ್ನೆಲ್ಲ ನೋಡಿಯೇ ಕೈ ಹಚ್ಚಿ.

ಗದ್ವಾಲದಲ್ಲಿ ನನ್ನದೇ ಸ್ಟುಡಿಯೋ ಹಾಕಿದ ಮೇಲೆ ಬಂದ ಇನ್ನೊಂದು ಕೆಲಸ ನನಗೆ ಬಹಳ ಕಲಿಸಿತು. ಹತ್ತಿರದ ಗಟ್ಟು ಊರಿನ ಕಡೆಯ ಒಂದು ಮನೆಯವರ ಮಗ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಅವನಿಲ್ಲದೆ ಮನೆಮಂದಿಯ ಫೋಟೋ ಪೂರ್ತಿಯಾಗದು ಎಂದು ಅವನ ತಾಯಿ ಹಟ ಹಿಡಿದಳು. ಮಗ ಫೋನಿನಲ್ಲಿ ಕಳಿಸಿದ್ದು ನಡುಮಧ್ಯಾಹ್ನ ಮಾಳಿಗೆಯ ಮೇಲೆ ನಿಂತ ಚಿತ್ರ. ಹುಬ್ಬಿನ ಕೆಳಗೆ ಕಪ್ಪು ನೆರಳು, ಕಣ್ಣು ಸಣ್ಣಗೆ, ಮೊಣಕಾಲಿನ ಕೆಳಗೆ ಏನೂ ಇಲ್ಲ. ಮನೆಯವರನ್ನು ನಾನು ಪಡಸಾಲೆಯ ತಂಪಿನಲ್ಲಿ ಕೂರಿಸಿ ತೆಗೆದಿದ್ದೆ. ಎಷ್ಟು ತಿದ್ದಿದರೂ ಅವನು ಗೋಡೆಗೆ ಹಚ್ಚಿದ ಭಿತ್ತಿಪತ್ರದಂತೆ ಕಾಣುತ್ತಿದ್ದ. ಬಿಸಿಲನ್ನು ಅಳಿಸಲು ಹೋದರೆ ಮುಖವೇ ಅಳಿಯುತ್ತಿತ್ತು.

ಕೊನೆಗೆ ಹೊಳೆಯಿತು. ದೂರ ಇರುವವನನ್ನು ಬದಲಿಸಲಾಗದು, ಹತ್ತಿರ ಇರುವವರನ್ನು ಬದಲಿಸಬಹುದು. ಮತ್ತೆ ಅವರ ಮನೆಗೆ ಹೋಗಿ, "ನಿಮ್ಮ ಮಗ ಬಿಸಲಾಗ ನಿಂತಾನ, ನೀವೂ ಬಿಸಲಿಗೆ ಬರ್ರಿ" ಎಂದೆ. ಮಧ್ಯಾಹ್ನದ ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿದೆ. ಅವನ ಕಾಲಿಲ್ಲದ ಜಾಗಕ್ಕೆ ಶೇಂಗಾ ಚೀಲ ಅಡ್ಡ ಇಡಿಸಿದೆ. ಅಜ್ಜ ನನ್ನನ್ನೂ, ಕ್ಯಾಮೆರಾವನ್ನೂ, ಪುಣೆಯನ್ನೂ ಬೈಯುತ್ತಲೇ ಕಣ್ಣು ಸಣ್ಣಗೆ ಮಾಡಿದ. ನನಗೆ ಬೇಕಾಗಿದ್ದದ್ದೂ ಅದೇ. ಎಲ್ಲರ ಹುಬ್ಬಿನ ಕೆಳಗೂ ಒಂದೇ ನೆರಳು ಬಿತ್ತು. ಪುಣೆಯಲ್ಲಿದ್ದವನ ಪುಟ್ಟ ಮಗಳು ಫೋಟೋ ನೋಡಿ, "ಆವತ್ತು ಅಪ್ಪ ಬಂದಿದ್ದ. ಬಿಸಲು ಭಾಳ ಅಂತ ಹೊಳ್ಳಿ ಹೋದ" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳಂತೆ.  ದಸರೆಗೆ ಊರಿಗೆ ಬಂದ ಮಗ ಸ್ಟುಡಿಯೋಕ್ಕೇ ಬಂದು, "ನಾನು ಯಾವಾಗ ಬಂದಿದ್ದೆ ಸಾರ್?" ಎಂದು ಕೇಳಿದ.

ಇಷ್ಟೆಲ್ಲ ಮಾಡಿದ್ದವನಿಗೆ ನರಸಮ್ಮನ ಇಬ್ಬರು ಮಕ್ಕಳನ್ನು ಕೂಡಿಸುವುದು ಯಾವ ಲೆಕ್ಕ ಎನಿಸಿತ್ತು. ಇಬ್ಬರನ್ನೂ ಬೇರೆಬೇರೆ ದಿನ ಕರೆಸಿ, ಒಂದೇ ದೀಪ, ಒಂದೇ ಪರದೆ, ಒಂದೇ ದೂರದಲ್ಲಿ ತೆಗೆದೆ. ತಾಯಿ ಮುಂದೆ ಕುರ್ಚಿಯಲ್ಲಿ, ಮಕ್ಕಳು ಹಿಂದೆ ಪಕ್ಕಪಕ್ಕದಲ್ಲಿ. ಮೂಗಿನ ನೆರಳು, ಬಣ್ಣ, ನೆಲ ಹಿಡಿದ ಕಾಲು ಎಲ್ಲ ಸರಿಯಾಗಿತ್ತು. ನರಸಮ್ಮ ಬಂದಳು, ನೋಡಿದಳು, ನನ್ನ ಮೇಜಿನ ಮೇಲಿನ ಕತ್ತರಿ ಎತ್ತಿಕೊಂಡಳು. ತಡೆಯಲು ಎದ್ದೆ. ಅವಳು ಕತ್ತರಿಸಲಿಲ್ಲ, ಮುಚ್ಚಿದ ಕತ್ತರಿಯ ತುದಿಯನ್ನು ಫೋಟೋದ ಮೇಲೆ ಓಡಿಸಿದಳು. ಅದು ಇಬ್ಬರು ಮಕ್ಕಳ ನಡುವಿನಿಂದ ಇಳಿದು, ಅವಳ ಹೆಗಲನ್ನು ಸುತ್ತಿ, ಹೊರಗೆ ಬಂತು.

"ದಾರಿ ಐತಲ್ಲ ತಮ್ಮಾ. ಬಂಡಿ ಹೋಗೋವಷ್ಟು ಐತಿ," ಎಂದಳು.

ಕಂಪ್ಯೂಟರಿನಲ್ಲಿ ಇಬ್ಬರನ್ನೂ ಹತ್ತಿರ ಸರಿಸಿದೆ. ಹೆಗಲ ಮೇಲೆ ಹೆಗಲು ಬರುವಂತೆ ಮಾಡಿದರೂ ಅವರ ಮೈ ಒಂದರಿಂದೊಂದು ದೂರ ವಾಲಿತ್ತು. ಬೇರೆಬೇರೆ ದಿನ ಬಂದಿದ್ದರೂ ಪಕ್ಕದಲ್ಲಿ ಯಾರು ಬರುತ್ತಾರೆಂದು ಇಬ್ಬರಿಗೂ ಗೊತ್ತಿತ್ತಲ್ಲ, ಆ ಮುನಿಸು ಮೈಯಲ್ಲೇ ಕೂತಿತ್ತು. ಅಣ್ಣನ ಕೈಯನ್ನು ತಮ್ಮನ ಹೆಗಲ ಮೇಲೆ ಇಡಿಸಿದರೆ ಎರಡೂ ಮೈ ಕೂಡುತ್ತವೆ, ಕತ್ತರಿಗೂ ದಾರಿ ಇರುವುದಿಲ್ಲ ಎಂದು ಯೋಚಿಸಿದೆ. ಅಣ್ಣನ ಕೈ ಎಲ್ಲಿಂದ ತರಲಿ? ನನ್ನ ಕೈಯನ್ನೇ ಕ್ಯಾಮೆರಾ ನಿಲ್ಲಿಸುವ ಸ್ಟ್ಯಾಂಡಿನ ಮೇಲಿಟ್ಟು ಭಾರತಿಯಿಂದ ಫೋಟೋ ತೆಗೆಸಿದೆ. ಬಣ್ಣ ಸ್ವಲ್ಪ ಗಾಢ ಮಾಡಿ ಬಾಲಪ್ಪನ ಹೆಗಲಿಗೆ ಕೂರಿಸಿದೆ. ನನ್ನ ಕಣ್ಣಿಗಂತೂ ಕುಂದು ಕಾಣಲಿಲ್ಲ.

ನರಸಮ್ಮ ಈ ಸಲ ಕತ್ತರಿ ಮುಟ್ಟಲಿಲ್ಲ. ಫೋಟೋ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು.

"ಇದು ನಿಂದಲ್ಲೇನು?"

ನಾನು ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡೆ.

"ನನ್ನ ಮಗಂದು ಹೆಬ್ಬಟ್ಟಿನ ಉಗುರು ಸೀಳೇತಿ, ಮಗ್ಗದ ಲಾಳಿ ಬಡಿದು. ನಿನ್ನ ಉಗುರು ನೋಡು, ಮದುಮಗಂದು ಇದ್ದಂಗ ಐತಿ. ಮತ್ತ ಈ ಕೈ ಹೆಗಲ ಒತ್ತಿಲ್ಲ. ನೊಣ ಕುಂತಂಗ ಕುಂತೈತಿ. ನಮ್ಮ ಮನ್ಯಾಗ ನೀ ಯಾವಾಗ ಹುಟ್ಟಿದಿ, ನಂಗ ಹೇಳಲೇ ಇಲ್ಲ."

ಭಾರತಿ ನಗಲು ಹೊರಗೆ ಹೋದಳು. ನರಸಮ್ಮ ಮಾತ್ರ ಈಗ ನಗುತ್ತಿರಲಿಲ್ಲ. "ಆಗಲ್ಲ ಅಂದ್ರ ಆಗಲ್ಲ ಅಂತ ಹೇಳು ತಮ್ಮಾ," ಎಂದಳು. "ನಾನ ಒಬ್ಬಾಕಿ ಕುಂತು ತೆಗಿಸ್ಕೋತೀನಿ. ಒಬ್ಬಾಕಿ ಇದ್ರ ಯಾರಿಗೂ ಕತ್ತರಿ ಬೇಕಾಗಲ್ಲ."

ಆ ಮಾತು ನನಗೆ ತಾಗಿತು. ಇನ್ನೊಮ್ಮೆ ನೋಡುತ್ತೇನೆ ಎಂದು ಹೇಳಿ ಕಳಿಸಿದೆ.

ಅವಳು ಹೇಳಿದ್ದು ಸರಿ. ನಿಜವಾದ ಕೈಗೆ ಭಾರ ಇರುತ್ತದೆ. ಅದು ಬಿದ್ದ ಕಡೆ ಅಂಗಿ ಮುದುಡುತ್ತದೆ, ಬೆರಳಿನ ಕೆಳಗೆ ನೆರಳು ಒತ್ತಿಕೊಳ್ಳುತ್ತದೆ, ಹೆಗಲು ಒಂದಿಷ್ಟು ತಗ್ಗುತ್ತದೆ. ಆ ಮುದುಡನ್ನು ಬರೆಯಲು ಹೋದರೆ ಬರೆದಂತೆಯೇ ಕಾಣುತ್ತದೆ. ನನಗೆ ಅಂಜನಪ್ಪನ ಕೈ ಬೇಕಿತ್ತು, ಅದೂ ಬಾಲಪ್ಪನ ಹೆಗಲ ಮೇಲೆಯೇ ಬೇಕಿತ್ತು.

ಇಲ್ಲಿ ಆ ಮನೆಯ ಕೆಲಸದ ಬಗ್ಗೆ ಒಂದು ಮಾತು. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ರೇಷ್ಮೆ. ಎರಡನ್ನೂ ಬೇರೆಬೇರೆ ನೇಯ್ದು ಹೊಲಿಯುವುದಿಲ್ಲ, ಮಗ್ಗದ ಮೇಲೇ ಹತ್ತಿಯ ಎಳೆಯನ್ನು ರೇಷ್ಮೆಯ ಎಳೆಗೆ ಸಿಕ್ಕಿಸುತ್ತಾ ಹೋಗುತ್ತಾರೆ. ದೊಡ್ಡ ಅಂಚಿನ ಸೀರೆಯಾದರೆ ಮಗ್ಗಕ್ಕೆ ಇಬ್ಬರು ಕೂರಬೇಕು, ಒಬ್ಬ ಲಾಳಿ ದಾಟಿಸಿದರೆ ಇನ್ನೊಬ್ಬ ಹಿಡಿಯಬೇಕು. ಅಂಜನಪ್ಪ, ಬಾಲಪ್ಪ ಹುಡುಗರಿದ್ದಾಗಿನಿಂದ ಹಾಗೆ ಕೂತು ನೇಯ್ದವರು. ಒಂದು ಸೀರೆಯ ಅಂಚಿನ ಬಣ್ಣ ಒಡಲಿಗೆ ಇಳಿದು ಸಾವುಕಾರ ಅದನ್ನು ವಾಪಸು ಕಳಿಸಿದಾಗ, ತಪ್ಪು ಯಾರದು ಎಂಬಲ್ಲಿ ಜಗಳ ಹುಟ್ಟಿತು. ಅಂದಿನಿಂದ ಇಬ್ಬರೂ ಬೇರೆಬೇರೆ ಮಗ್ಗದಲ್ಲಿ ಸಣ್ಣ ಅಂಚಿನ ಸೀರೆಗಳನ್ನಷ್ಟೇ ನೇಯುತ್ತಿದ್ದರು.

ನಾನು ಅಂಜನಪ್ಪನ ಮನೆಗೆ ಹೋದೆ. "ಅಣ್ಣಾ, ನಿನ್ನ ಕೈ ಒಂದು ಬೇಕಾಗೇತಿ" ಎಂದೆ.

"ಕೈಯಷ್ಟ?"

"ಕೈಯಷ್ಟ. ನಿನ್ನ ತಮ್ಮನ ಹೆಗಲ ಮ್ಯಾಲ ಇಟ್ಟು ತೆಗೆಯೂದು. ಅವ್ವನ ಫೋಟೋಕ್ಕ."

ಅವನು ಮಗ್ಗದ ಕಡೆ ತಿರುಗಿದ. "ಮಾತಾಡಾಕ ಹೇಳಬಾರ್ದು," ಎಂದ.

"ಫೋಟೋದಾಗ ಮಾತು ಬರೂದಿಲ್ಲ ಬಿಡು," ಎಂದೆ. ಬಾಲಪ್ಪನಿಗೂ ಅದನ್ನೇ ಹೇಳಿದೆ. ಹೆಗಲಷ್ಟೇ ಸಾಕು ಎಂದೆ.

ಇಬ್ಬರೂ ಬಂದರು. ನರಸಮ್ಮ ಗದ್ವಾಲ ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದಳು. ಅವಳಿಗೆ ಸುಮ್ಮನೆ ಕೂತಿರು ಎಂದು ಹೇಳಿದ್ದೆ, ಅವಳು ಬಾಯಿ ಬಿಗಿಹಿಡಿದು ಕೂತಿದ್ದಳು. ಅಂಜನಪ್ಪ ತಮ್ಮನ ಪಕ್ಕ ನಿಂತು, ಬೇರೆ ಯಾರದೋ ಸಾಮಾನು ಮುಟ್ಟುವವನಂತೆ ಹೆಗಲ ಮೇಲೆ ಬೆರಳು ಊರಿದ. ಮುಖ ಆ ಕಡೆ. ಬಾಲಪ್ಪನ ಮುಖ ಈ ಕಡೆ. ಕೈ ಮತ್ತೆ ನೊಣ ಕೂತಂತೆಯೇ ಇತ್ತು. ನಾನು ಕ್ಯಾಮೆರಾದೊಳಗೆ ನೋಡುತ್ತಾ, ಇದೂ ಆಗಲಿಲ್ಲ ಎಂದುಕೊಂಡೆ.

ಆಗ ಅಂಜನಪ್ಪ ಕೈ ಎಲ್ಲಿದೆ ಎಂದು ನೋಡಲು ಈ ಕಡೆ ತಿರುಗಿದ. ನೋಡಿದವನು ಹಾಗೇ ಬಗ್ಗಿದ. ತಮ್ಮನ ಕಾಲರಿನ ಕೆಳಗೆ ಒಂದು ಎಳೆ ಅಂಟಿಕೊಂಡಿತ್ತು. ನೇಕಾರನ ಕಣ್ಣಿಗೆ ಬಿಡಿ ಎಳೆ ಬಿದ್ದರೆ ಅದನ್ನು ತೆಗೆಯದೆ ಇರಲು ಆಗುವುದಿಲ್ಲ. ಅವನು ಅಂಗೈಯನ್ನು ಪೂರ್ತಿ ಹೆಗಲಿಗೆ ಊರಿ, ಇನ್ನೊಂದು ಕೈಯಿಂದ ಎಳೆ ಬಿಡಿಸತೊಡಗಿದ.

"ಎಳಿ ಹತ್ತೇತಿ," ಎಂದ.

"ಎಲ್ಲಿ?" ಎಂದು ಬಾಲಪ್ಪ ಕತ್ತು ತಿರುಗಿಸಿದ.

"ಇಲ್ಲಿ. ಹಸರು ಐತಿ. ಹಸರು ಅಂಚು ಹಾಕೀಯೇನು?"

"ಹೂಂ. ದೊಡ್ಡ ಅಂಚು. ಈ ಸಲ ಒಬ್ಬನ ಹಾಕೀನಿ, ಜಗ್ಗಾಕತ್ತೇತಿ."

"ಒಬ್ಬಂವ ಹಾಕಿದ್ರ ಜಗ್ಗದ ಏನ್ಮಾಡ್ತೈತಿ."

ನಾನು ಕೈಯನ್ನಷ್ಟೇ ತೆಗೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ಆದರೂ ಕ್ಯಾಮೆರಾವನ್ನು ಹಿಂದೆ ಸರಿಸಿ ಮೂವರನ್ನೂ ತೆಗೆದೆ. ಮಕ್ಕಳಿಬ್ಬರೂ ಎಳೆಯನ್ನು ನೋಡುತ್ತಿದ್ದಾರೆ, ಯಾರೂ ಕ್ಯಾಮೆರಾ ನೋಡುತ್ತಿಲ್ಲ. ನರಸಮ್ಮ ಒಬ್ಬಳೇ ನನ್ನನ್ನು ನೇರವಾಗಿ ನೋಡುತ್ತಾ, ಬಿಗಿಹಿಡಿದ ಬಾಯಿ ಬಿಟ್ಟು ನಗುತ್ತಿದ್ದಾಳೆ. ನಾನು ಕಲಿತ ಯಾವ ನಿಯಮವೂ ಅದರಲ್ಲಿಲ್ಲ.

ಮರುದಿನ ಭಾರತಿ ಅದನ್ನು ಶುಚಿ ಮಾಡಲು ಕೂತು, ಅಂಜನಪ್ಪನ ಬೆರಳಿನ ನಡುವೆ ಇದ್ದ ಹಸಿರು ಗೆರೆಯನ್ನು ಕೊಳೆ ಎಂದು ಅಳಿಸಲು ಹೊರಟಿದ್ದಳು. "ಅದಕ್ಕ ಕೈ ಹಚ್ಚಬ್ಯಾಡ," ಎಂದೆ. ಫೋಟೋಕ್ಕೆ ನಾವು ಏನೂ ಮಾಡಲಿಲ್ಲ. ನರಸಮ್ಮ ಬಂದು ಕತ್ತರಿ ತೆಗೆದುಕೊಂಡಳು. ಮೇಲಿನಿಂದ ಇಳಿಸಿದಳು, ಅಂಜನಪ್ಪನ ತೋಳು ಅಡ್ಡ ಬಂತು. ಪಕ್ಕದಿಂದ ತಂದಳು, ಬಾಲಪ್ಪನ ಕತ್ತು ಅಣ್ಣನ ಎದೆಗೆ ತಾಗಿಕೊಂಡಿತ್ತು. ಕೆಳಗಿನಿಂದ ಹೋದರೆ ಅವಳೇ ಇದ್ದಳು. ಕತ್ತರಿಯನ್ನು ಮೇಜಿನ ಮೇಲಿಟ್ಟು ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡಳು.  

ನರಸಮ್ಮ ಈಗಲೂ ಗಟ್ಟಿಮುಟ್ಟಾಗಿದ್ದಾಳೆ. ಸಂತೆಗೆ ಹೋಗುವಾಗ ನನ್ನ ಬೆಂಚಿನ ಮೇಲೆ ಕೂತು ದಣಿವಾರಿಸಿಕೊಂಡು, "ಇನ್ನೂ ಹಾರ ಬಿದ್ದಿಲ್ಲ ನೋಡು" ಎನ್ನುತ್ತಾಳೆ. ಮಕ್ಕಳಿಬ್ಬರೂ ದೊಡ್ಡ ಅಂಚಿನ ಸೀರೆ ಬಂದಾಗ ಒಂದೇ ಮಗ್ಗಕ್ಕೆ ಕೂರುತ್ತಾರಂತೆ. ಸೀರೆಯ ಮಾತು ಬಿಟ್ಟರೆ ಬೇರೆ ಮಾತಿಲ್ಲವಂತೆ. ಅಷ್ಟೇ ಸಾಕು ಎನ್ನುತ್ತಾಳೆ ಅವಳು.

ಹೋದ ವಾರ ಬಂದಾಗ ಇನ್ನೊಂದು ಸುದ್ದಿ ಹೇಳಿದಳು. ಐಜ ಊರಿನಿಂದ ಬಂದಿದ್ದ ನೆಂಟನೊಬ್ಬ ಗೋಡೆಯ ಮೇಲಿನ ಫೋಟೋ ನೋಡಿ, ಅಣ್ಣತಮ್ಮಂದಿರ ಜಗಳ ಗೊತ್ತಿದ್ದವನಾದ್ದರಿಂದ, "ಮಸ್ತ್ ಜೋಡಿಸ್ಯಾರ. ಆದ್ರ ಆ ಕೈ ಜರ ನಕಲಿ ಕಾಣಸ್ತೈತಿ" ಎಂದನಂತೆ.

"ನೀ ಏನಂದಿ?" ಎಂದು ಕೇಳಿದೆ.

"ನಾ ಏನೂ ಅನ್ನಲಿಲ್ಲ. ಬಾಲಪ್ಪ ಊಟ ಮಾಡಾಕತ್ತಿದ್ದ, ತಲಿ ಎತ್ತಲಿಲ್ಲ. 'ಹೆಗಲು ನಂದ ಐತಿ, ಕೈ ಯಾರದಂತ ನನಗ ಗೊತ್ತೈತಿ' ಅಂದ."